ಗುಡುಗು ಮಳೆ ಮತ್ತು ಬೇಸಿಗೆಯ ಶಿಬಿರ

ಏಪ್ರಿಲ್ ತಿಂಗಳು ಅರ್ಧ ಕಳೆಯುವ ಹೊತ್ತಿಗೆ ಶಿಡ್ಲಘಟ್ಟದ ಸುತ್ತಮುತ್ತಲ ಕೆರೆಗಳ ಅಂಗಳ ಬಿರುಕುಬಿಟ್ಟಿರುತ್ತದೆ. ಹಿಪ್ಪುನೇರಳೆ ತೋಟಗಳಿಗೆ ಕೊಳವೆ ಬಾವಿಯ ನೀರೇ ಗತಿ. ಹುಳು ಸಾಕುವ ಮನೆಗಳಲ್ಲಿ ಸೆಕೆಯನ್ನು ತಗ್ಗಿಸಲು ಕಿಟಕಿಗಳಿಗೆ ಒದ್ದೆ ಗೋಣಿಯನ್ನು ಇಳಿಬಿಟ್ಟಿರುತ್ತಾರೆ. ರೈತನು ಸಂಜೆಯ ಆಕಾಶವನ್ನು ನೋಡುತ್ತಾ ಅಶ್ವಿನಿ, ಭರಣಿ, ಕೃತ್ತಿಕೆ ಎಂದು ಮಳೆಯ ನಕ್ಷತ್ರಗಳನ್ನು ಎಣಿಸುತ್ತಾನೆ. ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯನ್ನು ಕೇಳದವರು ಯಾರು?

ಈ ಮೂರು ಮಳೆಗಳು ಏಪ್ರಿಲ್ ನಡುಭಾಗದಿಂದ ಮೇ ತಿಂಗಳ ಕೊನೆಯ ವಾರದವರೆಗೆ ಹಬ್ಬಿವೆ. ನಮ್ಮ ಶಾಲೆಗಳಿಗೆ ಬೇಸಿಗೆಯ ರಜೆ ಇರುವುದೂ ಹೆಚ್ಚುಕಡಿಮೆ ಇದೇ ಆರು ವಾರ. ಮಕ್ಕಳ ಬೇಸಿಗೆ ಶಿಬಿರ, ಸ್ಕೌಟ್ ದಳಗಳ ಬಯಲು ವಾಸ, ಬೆಟ್ಟಗಳ ಚಾರಣ ಎಲ್ಲವೂ ಈ ಅವಧಿಯಲ್ಲಿಯೇ ನಡೆಯುತ್ತವೆ. ಅಂದರೆ, ಶಿಬಿರದ ಕಾಲವೂ ಸಿಡಿಲಿನ ಕಾಲವೂ ನಮ್ಮ ನಾಡಿನಲ್ಲಿ ಒಂದೇ. ಇದು ಶಿಬಿರಗಳನ್ನು ನಿಲ್ಲಿಸಲು ಕಾರಣವಲ್ಲ. ಗುಡುಗು ಮೋಡದ ಸ್ವಭಾವವನ್ನು ಅರಿತುಕೊಳ್ಳಲು ಕಾರಣ. ಭಾರತದಲ್ಲಿ ಸಿಡಿಲಿನಿಂದ ಪ್ರತಿವರ್ಷವೂ ಎರಡು ಸಾವಿರಕ್ಕೂ ಮೇಲ್ಪಟ್ಟು ಜನರು ಸಾಯುತ್ತಿದ್ದಾರೆ. ಇವರಲ್ಲಿ ಬಹುಮಂದಿ ಹೊಲದಲ್ಲಿಯೋ ಮರದ ಕೆಳಗೋ ಇದ್ದವರು.

ಬಿರುಗಾಳಿಯೊಂದು ಶಿಬಿರದ ಮೇಲೆಯೇ ಎರಗಿದರೆ ಏನಾಗುತ್ತದೆ, ಅಲ್ಲಿರುವ ಎಳೆಯರಿಂದ ಏನು ಸಾಧ್ಯ ಎಂಬುದನ್ನು ತಿಳಿಯಲು ದೂರದ ನಾಡಿನ ಒಂದು ನಿಜವಾದ ಘಟನೆಯನ್ನು ಮೊದಲು ನೋಡೋಣ.

ಲಿಟಲ್ ಸೂ ಶಿಬಿರದ ಸಂಜೆ

ಅಮೆರಿಕದ ಅಯೋವಾ ರಾಜ್ಯದ ಪಶ್ಚಿಮದಲ್ಲಿ, ಗುಡ್ಡಗಳ ನಡುವೆ, ಲಿಟಲ್ ಸೂ ಎಂಬಲ್ಲಿ ಸ್ಕೌಟುಗಳ ಶಿಬಿರಭೂಮಿ ಇದ್ದಿತು. 2008ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಅಲ್ಲಿ ನಾಯಕತ್ವದ ತರಬೇತಿಗಾಗಿ 13ರಿಂದ 18 ವರ್ಷದವರೆಗಿನ 93 ಹುಡುಗರು ಸೇರಿದ್ದರು. ಅವರೊಡನೆ 25 ಮಂದಿ ಸಿಬ್ಬಂದಿಯವರಿದ್ದರು. ಜೂನ್ 11ರ ಸಂಜೆ ಗಂಟೆಗೆ ಸುಮಾರು 230 ಕಿಲೋಮೀಟರ್ ವೇಗದ ಟಾರ್ನೆಡೊ, ಎಂದರೆ ಭೀಕರವಾದ ಸುಂಟರಗಾಳಿ, ಶಿಬಿರದ ಮೇಲೆ ಹಾದುಹೋಯಿತು. ಹುಡುಗರು ಆಶ್ರಯ ಪಡೆದಿದ್ದ ಕಟ್ಟಡವೊಂದು ನೆಲಸಮವಾಗಿ, ಅದರ ಕಲ್ಲಿನ ಹೊಗೆಗೂಡು ಅವರ ಮೇಲೆ ಕುಸಿಯಿತು. ನಾಲ್ವರು ಹುಡುಗರು ಸತ್ತರು. 48 ಮಂದಿಗೆ ಗಾಯಗಳಾದವು.

ಉರುಳಿದ ಮರಗಳು ದಾರಿಯನ್ನು ಮುಚ್ಚಿದ್ದವು. ಹೊರಗಿನ ನೆರವು ತತ್‌ಕ್ಷಣ ಬರುವಂತಿರಲಿಲ್ಲ. ಆ ನಡುವಣ ಹೊತ್ತನ್ನು ತುಂಬಿದವರು ಹುಡುಗರೇ. ಅವರು ಕಲ್ಲುಗಳನ್ನು ಎತ್ತಿ ಸಿಕ್ಕಿಬಿದ್ದವರನ್ನು ಹೊರಗೆಳೆದರು. ರಕ್ತ ಸುರಿಯುವ ಗಾಯಗಳನ್ನು ಒತ್ತಿಹಿಡಿದು ಪಟ್ಟಿ ಕಟ್ಟಿದರು. ಸಲಕರಣೆಗಳ ಕೊಟ್ಟಿಗೆಯನ್ನು ಒಡೆದು ಗರಗಸದ ಯಂತ್ರಗಳನ್ನು ತಂದು ದಾರಿ ಬಿಡಿಸಿದರು. ಶಿಬಿರಭೂಮಿಯ ಕಾವಲಧಿಕಾರಿಯ ಕುಸಿದ ಮನೆಯಿಂದ ಅವರ ಕುಟುಂಬವನ್ನು ಹೊರತಂದರು. ಇದಕ್ಕೆ ಹಿಂದಿನ ದಿನವಷ್ಟೇ ಆ ಹುಡುಗರು ವಿಪತ್ತಿನ ಕಾಲದಲ್ಲಿ ನಡೆದುಕೊಳ್ಳಬೇಕಾದ ರೀತಿಯನ್ನು ಅಭ್ಯಾಸಮಾಡಿದ್ದರು.

ಟಾರ್ನೆಡೊ ನಮ್ಮ ನಾಡಿನಲ್ಲಿ ಅತಿ ವಿರಳ. ಆದರೆ ಅದನ್ನು ಹೆರುವ ಗುಡುಗು ಮೋಡ ನಮಗೆ ಪ್ರತಿ ಬೇಸಿಗೆಯ ಅತಿಥಿ. ಅದು ನಮ್ಮಲ್ಲಿ ಮೂರು ಆಯುಧಗಳನ್ನು ಹಿಡಿದು ಬರುತ್ತದೆ: ಬಿರುಗಾಳಿ, ಸಿಡಿಲು ಮತ್ತು ಹಠಾತ್ತಾದ ನೀರು. ಇವು ಹೇಗೆ ಹುಟ್ಟುತ್ತವೆಂಬುದನ್ನು ತಿಳಿದರೆ, ಏನು ಮಾಡಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಮೋಡದ ಯಂತ್ರ

ಬೇಸಿಗೆಯ ಬಿಸಿಲಿಗೆ ನೆಲ ಕಾಯುತ್ತದೆ. ನೆಲಕ್ಕೆ ತಗುಲಿದ ಹವೆ ಬಿಸಿಯಾಗಿ ಹಗುರಾಗಿ ಮೇಲಕ್ಕೇರುತ್ತದೆ. ಒಳನಾಡಿನ ಮೇಲೆ ಏಪ್ರಿಲ್-ಮೇ ತಿಂಗಳುಗಳಲ್ಲಿ ಅರಬ್ಬಿ ಸಮುದ್ರದ ಕಡೆಯ ಗಾಳಿಯೂ ಬಂಗಾಳ ಕೊಲ್ಲಿಯ ಕಡೆಯ ತೇವದ ಗಾಳಿಯೂ ಸಂಧಿಸುವುದುಂಟು. ಇವು ಸಂಧಿಸಿದ ಗೆರೆಯುದ್ದಕ್ಕೂ ಹವೆ ಮೇಲಕ್ಕೆ ನೂಕಲ್ಪಡುತ್ತದೆ. ಏರಿದ ಹವೆ ಹಿಗ್ಗಿ ತಣ್ಣಗಾದಾಗ ಅದರೊಳಗಿನ ನೀರಾವಿ ಹನಿಗೂಡುತ್ತದೆ.

ಈ ಹನಿಗೂಡುವಿಕೆಯಲ್ಲಿಯೇ ಮೋಡದ ಶಕ್ತಿಯೆಲ್ಲ ಅಡಗಿದೆ. ಒಂದು ಗ್ರಾಂ ಆವಿ ನೀರಾಗುವಾಗ ಸುಮಾರು 600 ಕ್ಯಾಲೊರಿ ಗುಪ್ತೋಷ್ಣ ಹೊರಬೀಳುತ್ತದೆ. ಒಂದು ಚದರ ಕಿಲೋಮೀಟರ್ ನೆಲದ ಮೇಲೆ ಎರಡು ಸೆಂಟಿಮೀಟರ್ ಮಳೆ ಸುರಿಯಿತೆನ್ನಿ. ಆ ನೀರಿನ ತೂಕ 20,000 ಟನ್ನು. ಅದು ಆವಿಯಿಂದ ನೀರಾದಾಗ ಹೊರಬಿದ್ದ ಶಕ್ತಿಯನ್ನು ವಿದ್ಯುತ್ ಲೆಕ್ಕದಲ್ಲಿ ಹೇಳಿದರೆ ಸುಮಾರು 1 ಕೋಟಿ 40 ಲಕ್ಷ ಯೂನಿಟ್ಟುಗಳು! ಈ ಶಾಖದಿಂದ ಹವೆ ಇನ್ನೂ ಹಗುರಾಗಿ ಇನ್ನೂ ಮೇಲಕ್ಕೇರುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಹತ್ತಿಯ ಉಂಡೆಯಂತೆ ಬೆಳ್ಳಗೆ ಕಂಡ ಮೋಡ ಸಂಜೆ ನಾಲ್ಕಕ್ಕೆ 12ರಿಂದ 15 ಕಿಲೋಮೀಟರ್ ಎತ್ತರದ ಕಪ್ಪು ಗೋಪುರವಾಗಿ, ನೆತ್ತಿಯಲ್ಲಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಶಿಬಿರದ ಮೇಲ್ವಿಚಾರಕನು ಗುರುತಿಸಬೇಕಾದ ಮೊದಲನೆಯ ಸೂಚನೆ ಇದು.

ಮಳೆಗೆ ಮುನ್ನ ಬರುವ ಗಾಳಿ

ಹನಿಗಳೂ ಆಲಿಕಲ್ಲುಗಳೂ ಭಾರವಾಗಿ ಕೆಳಗಿಳಿಯುವಾಗ ತಮ್ಮೊಡನೆ ಹವೆಯನ್ನೂ ಎಳೆದು ತರುತ್ತವೆ. ದಾರಿಯಲ್ಲಿ ಹನಿಗಳು ಒಂದಿಷ್ಟು ಆವಿಯಾಗುವುದರಿಂದ ಈ ಹವೆ ತಣ್ಣಗಾಗಿ ಇನ್ನೂ ಭಾರವಾಗುತ್ತದೆ; ನೆಲವನ್ನು ಅಪ್ಪಳಿಸಿ ನಾಲ್ಕೂ ದಿಕ್ಕಿಗೆ ಹರಡುತ್ತದೆ. ಬಿಸಿಲಿನ ಬೇಗೆಯಲ್ಲಿ ಇದ್ದಕ್ಕಿದ್ದಂತೆ ತಂಪು ಗಾಳಿ ಬೀಸಿ, ಕೆಂಧೂಳು ಎದ್ದು, ಆಮೇಲೆ ಮಳೆ ಬರುವುದನ್ನು ನೀವೆಲ್ಲರೂ ಕಂಡಿದ್ದೀರಿ. ಆ ತಂಪನ್ನು ನಾವು ಹಿತವೆಂದು ಸ್ವಾಗತಿಸುತ್ತೇವೆ. ಅದು ಮೋಡದ ಮುಂದಾಳು ಎಂಬುದನ್ನು ಮರೆಯುತ್ತೇವೆ.

ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 15 ಕಿಲೋಗ್ರಾಂ ಭಾರದಷ್ಟು ಒತ್ತುತ್ತದೆ. ಹತ್ತು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಶಾಮಿಯಾನದ ಪಕ್ಕದ ಪರದೆಯ ಮೇಲೆ ಬೀಳುವ ಬಲ 450 ಕಿಲೋಗ್ರಾಂ ಭಾರಕ್ಕೆ ಸಮ. ವೇಗ 90 ಕಿಲೋಮೀಟರ್ ಆದರೆ ಬಲ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗುತ್ತದೆ. ಲಿಟಲ್ ಸೂ ಶಿಬಿರದ ಗಾಳಿಯ ಒತ್ತಡ 60 ಕಿಲೋಮೀಟರ್ ಗಾಳಿಯದಕ್ಕಿಂತ ಸುಮಾರು ಹದಿನೈದು ಪಟ್ಟು! ಆದುದರಿಂದ ಶಾಮಿಯಾನವೂ ಗುಡಾರವೂ ಸಿಮೆಂಟ್ ಶೀಟಿನ ಚಪ್ಪರವೂ ಬಿಸಿಲಿಗೆ ನೆರಳೇ ಹೊರತು ಬಿರುಗಾಳಿಗೆ ಆಶ್ರಯವಲ್ಲ. ಗಾಳಿ ಬಂದೊಡನೆ ಕಂಬಗಳನ್ನು ಹಿಡಿದು ನಿಲ್ಲಲು ಹುಡುಗರನ್ನು ಕಳುಹಿಸುವುದು ದೊಡ್ಡ ತಪ್ಪು. ಬಟ್ಟೆ ಹೋದರೆ ಹೋಗಲಿ.

ಸಿಡಿಲು ಹೇಗೆ ಇಳಿಯುತ್ತದೆ?

ಮೋಡದ ನಡುಭಾಗದಲ್ಲಿ, ಉಷ್ಣತೆ ಸೊನ್ನೆಗಿಂತ ಹತ್ತು ಇಪ್ಪತ್ತು ಡಿಗ್ರಿ ಸೆಂಟಿಗ್ರೇಡ್ ಕೆಳಗಿರುವಲ್ಲಿ, ಸಣ್ಣ ಹಿಮದ ಹರಳುಗಳೂ ಮೆತ್ತನೆಯ ಆಲಿಕಲ್ಲುಗಳೂ ಒಂದಕ್ಕೊಂದು ತಾಕುತ್ತವೆ. ಈ ತಾಕಲಾಟದಲ್ಲಿ ಹರಳುಗಳು ಧನವಿದ್ಯುತ್ತನ್ನು ಪಡೆದು ಏರುಗಾಳಿಯೊಡನೆ ಮೇಲಕ್ಕೆ ಹೋಗುತ್ತವೆ. ಭಾರವಾದ ಕಲ್ಲುಗಳು ಋಣವಿದ್ಯುತ್ತನ್ನು ಹೊತ್ತು ಕೆಳಗುಳಿಯುತ್ತವೆ. ಹೀಗೆ ಮೋಡದ ಕೆಳಭಾಗಕ್ಕೂ ನೆಲಕ್ಕೂ ನಡುವೆ ಕೋಟಿಗಟ್ಟಲೆ ವೋಲ್ಟುಗಳ ಅಂತರ ಬೆಳೆಯುತ್ತದೆ.

ಹವೆ ಈ ಒತ್ತಡವನ್ನು ತಡೆಯಲಾರದೆ ಹೋದಾಗ ಮೋಡದಿಂದ ಒಂದು ಮಂಕಾದ ಎಳೆ ಸುಮಾರು ಐವತ್ತು ಐವತ್ತು ಮೀಟರಿನ ಹೆಜ್ಜೆಗಳನ್ನಿಡುತ್ತಾ ಕೆಳಗಿಳಿಯುತ್ತದೆ. ಅದು ನೆಲಕ್ಕೆ ಸಮೀಪಿಸಿದಾಗ ಮರ, ಗೋಪುರ, ಬಯಲಿನಲ್ಲಿ ನಿಂತ ಮನುಷ್ಯ ಮುಂತಾದ ಎತ್ತರದ ವಸ್ತುಗಳಿಂದ ಎದುರು ಕಿಡಿಗಳು ಮೇಲಕ್ಕೇಳುತ್ತವೆ. ಇವುಗಳಲ್ಲಿ ಯಾವುದು ಮೊದಲು ಕೂಡಿಕೊಳ್ಳುವುದೋ ಅದರ ಮೂಲಕ ಸುಮಾರು 30,000 ಆಂಪೇರ್ ಪ್ರವಾಹ ಕ್ಷಣಾರ್ಧದಲ್ಲಿ ಹರಿಯುತ್ತದೆ. ಆ ದಾರಿಯ ಹವೆ ಸುಮಾರು 30,000 ಡಿಗ್ರಿಯವರೆಗೆ ಕಾಯ್ದು ಸಿಡಿದು ಹಿಗ್ಗುತ್ತದೆ. ಆ ಸದ್ದೇ ಗುಡುಗು. ಮಿಂಚೂ ವಿದ್ಯುತ್ತೇ ಎಂಬುದನ್ನು ಬೆಂಜಮಿನ್ ಫ್ರಾಂಕ್ಲಿನ್ 1752ರಲ್ಲಿ ಗಾಳಿಪಟದ ಪ್ರಯೋಗದಿಂದ ತೋರಿಸಿದನೆಂದು ನೀವು ಓದಿರುತ್ತೀರಿ. ಆ ಪ್ರಯೋಗವನ್ನು ಯಾರೂ ಅನುಕರಿಸಕೂಡದು.

ಮರದ ಕೆಳಗೆ ಏಕೆ ನಿಲ್ಲಬಾರದು?

ಮಳೆ ಬಂದಾಗ ಹುಣಸೆಯ ಮರದ ಕೆಳಗೆ ಓಡುವುದು ನಮಗೆ ಹುಟ್ಟಿನಿಂದ ಬಂದ ಅಭ್ಯಾಸ. ಅಲ್ಲಿ ಅಪಾಯ ಎರಡು ಬಗೆಯದು. ಮರಕ್ಕೆ ಬಡಿದ ಸಿಡಿಲು, ಮರಕ್ಕಿಂತ ಸುಲಭವಾದ ದಾರಿಯೆಂದು, ಪಕ್ಕದ ಮನುಷ್ಯನ ದೇಹಕ್ಕೆ ನೆಗೆಯಬಹುದು. ಇದು ಒಂದನೆಯದು. ಎರಡನೆಯದು ಕಣ್ಣಿಗೆ ಕಾಣದು: ಪ್ರವಾಹ ಬೇರುಗಳ ಮೂಲಕ ನೆಲಕ್ಕಿಳಿದು ಸುತ್ತಲೂ ಹರಡುತ್ತದೆ. ಇದನ್ನು ಒಂದು ಸಣ್ಣ ಲೆಕ್ಕದಿಂದ ನೋಡೋಣ.

ನೆಲ ಎಲ್ಲ ಕಡೆಯೂ ಒಂದೇ ಬಗೆಯದೆಂದೂ, ಅದರ ವಿಶಿಷ್ಟ ರೋಧ 100 ಓಮ್-ಮೀಟರ್ ಎಂದೂ, ಪ್ರವಾಹ 30,000 ಆಂಪೇರ್ ಎಂದೂ ಇಟ್ಟುಕೊಳ್ಳಿ. ಪ್ರವಾಹವು ನೆಲದೊಳಗೆ ಅರ್ಧಗೋಳದ ಆಕಾರದಲ್ಲಿ ಹರಡುವುದರಿಂದ, ಮರದಿಂದ ಯಾವುದೇ ದೂರದಲ್ಲಿರುವ ವೋಲ್ಟತೆಯನ್ನು ಪಡೆಯಲು ರೋಧವನ್ನೂ ಪ್ರವಾಹವನ್ನೂ ಗುಣಿಸಿ, ಆ ದೂರದ 2π ಪಟ್ಟಿನಿಂದ ಭಾಗಿಸಬೇಕು. ಮರದಿಂದ ಹತ್ತು ಮೀಟರ್ ದೂರದಲ್ಲಿ ಒಬ್ಬ ಹುಡುಗನು ಮರದ ಕಡೆಗೆ ಒಂದು ಕಾಲು, ಅದರಿಂದ ಅರ್ಧ ಮೀಟರ್ ಆಚೆಗೆ ಇನ್ನೊಂದು ಕಾಲು ಇಟ್ಟು ನಿಂತಿದ್ದರೆ, ಅವನ ಎರಡು ಕಾಲುಗಳ ನಡುವಣ ಅಂತರ ಸುಮಾರು 2,300 ವೋಲ್ಟ್ ಆಗುತ್ತದೆ. ಪಾದಗಳ ನಡುವೆ ಹತ್ತು ಸೆಂಟಿಮೀಟರ್ ಮಾತ್ರವೇ ಇದ್ದರೆ ಸುಮಾರು 470 ವೋಲ್ಟ್. ಅದೇ ಜಾಗದಲ್ಲಿ ಮರಕ್ಕೆ ಮುಖಮಾಡಿ ನಿಂತ ಹಸುವಿನ ಮುಂಗಾಲಿಗೂ ಹಿಂಗಾಲಿಗೂ ಒಂದೂವರೆ ಮೀಟರ್ ಅಂತರವಿರುವುದರಿಂದ ಅದಕ್ಕೆ 6,000 ವೋಲ್ಟಿಗೂ ಮೇಲೆ. ಮರದ ಕೆಳಗೆ ದನಕುರಿಗಳ ಹಿಂಡೇ ಒಂದೇ ಸಿಡಿಲಿಗೆ ಸಾಯುವುದೇಕೆ, ನೆಲದ ಮೇಲೆ ಕೈಕಾಲು ಚಾಚಿ ಮಲಗುವುದು ಏಕೆ ಕೆಟ್ಟದ್ದು ಎಂಬ ಎರಡು ಪ್ರಶ್ನೆಗಳಿಗೂ ಇಲ್ಲಿ ಉತ್ತರವಿದೆ. ಮೂವತ್ತು ಮೀಟರ್ ದೂರಕ್ಕೆ ಹೋದರೆ ಅದೇ ಅರ್ಧ ಮೀಟರಿನ ಹೆಜ್ಜೆಗೆ 260 ವೋಲ್ಟ್ ಮಾತ್ರ.

ಪಾದಗಳನ್ನು ಜೋಡಿಸಿ ಕುಕ್ಕರಗಾಲಿನಲ್ಲಿ ಕುಳಿತರೆ ಸಾಕೆಂದು ಇದರಿಂದ ತಿಳಿಯಬಾರದು. ಬಯಲಿನಲ್ಲಿ ಬೇರೆ ಗತಿಯೇ ಇಲ್ಲದಾಗ ಅದು ಅಪಾಯವನ್ನು ಸ್ವಲ್ಪ ಕುಗ್ಗಿಸೀತು, ಅಷ್ಟೆ. ಸಿಡಿಲಿನ ಹೊತ್ತಿನಲ್ಲಿ ಬಯಲು ಎಂದಿಗೂ ಸುರಕ್ಷಿತವಲ್ಲ. ಗೋಡೆ, ತಾರಸಿ, ವಿದ್ಯುತ್ ತಂತಿ ಮತ್ತು ನೀರಿನ ಕೊಳವೆಗಳಿರುವ ಗಟ್ಟಿ ಕಟ್ಟಡ ಒಳ್ಳೆಯದು. ಅಲ್ಲಿ ಪ್ರವಾಹ ಗೋಡೆ ತಂತಿಗಳ ಮೂಲಕ ನೆಲಕ್ಕಿಳಿಯುತ್ತದೆ. ಒಳಗಿದ್ದವರು ತಂತಿಗೆ ಸೇರಿದ ಸಲಕರಣೆಗಳನ್ನೂ ನಲ್ಲಿಗಳನ್ನೂ ಮುಟ್ಟಬಾರದು. ಕಿಟಕಿ ಮುಚ್ಚಿದ ಲೋಹದ ಬಸ್ಸು ಕೂಡ ಒಳ್ಳೆಯ ಆಶ್ರಯ. ವಿದ್ಯುತ್ತು ಲೋಹದ ಪಂಜರದ ಹೊರಮೈಯಲ್ಲಿಯೇ ಉಳಿಯುವುದೆಂದು ಮೈಕೆಲ್ ಫ್ಯಾರಡೆ 1836ರಲ್ಲಿ ತಾನೇ ಅಂತಹ ಪಂಜರದೊಳಗೆ ಕುಳಿತು ತೋರಿಸಿದನು. ಕೈಯಲ್ಲಿರುವ ಮೊಬೈಲ್ ಫೋನು ಸಿಡಿಲನ್ನು ಸೆಳೆಯುತ್ತದೆಂಬ ಮಾತಿಗೆ ಆಧಾರವಿಲ್ಲ. ಆದರೆ ಅದನ್ನು ಗೋಡೆಯ ತಂತಿಗೆ ಸಿಕ್ಕಿಸಿಕೊಂಡು ಮಾತನಾಡುವುದು ಅಪಾಯ.

ಮೋಡದ ದೂರವನ್ನು ಅಳೆಯುವುದು

ಬೆಳಕು ಕಣ್ಣಿಗೆ ಒಡನೆಯೇ ಬರುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ನಡೆದು ಬರುತ್ತದೆ. ಆದುದರಿಂದ ಮಿಂಚಿಗೂ ಗುಡುಗಿಗೂ ನಡುವಣ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಕಿಲೋಮೀಟರಿನಲ್ಲಿ ದೂರ ಸಿಕ್ಕುತ್ತದೆ. ಎಣಿಕೆ ಮೂವತ್ತು ಅಥವಾ ಅದಕ್ಕಿಂತ ಕಡಮೆಯಾದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ. ಮುಂದಿನದು ನಿಮ್ಮ ಬಳಿಯೇ ಬೀಳಬಹುದು. ಮಳೆಯ ಒಂದು ಹನಿಯೂ ಬಿದ್ದಿರದೆ ತಲೆಯ ಮೇಲೆ ನೀಲಿ ಆಕಾಶ ಕಾಣುತ್ತಿದ್ದರೂ ಈ ಮಾತು ನಿಜ. ಎಣಿಸಲು ಪುರಸೊತ್ತಿಲ್ಲದಿದ್ದರೆ ಇನ್ನೂ ಸರಳವಾದ ನಿಯಮವುಂಟು: ಗುಡುಗು ಕಿವಿಗೆ ಬಿದ್ದರೆ ಒಳಗೆ ಹೋಗತಕ್ಕದ್ದು. ಕೊನೆಯ ಗುಡುಗು ಕೇಳಿಸಿ ಮೂವತ್ತು ನಿಮಿಷ ಕಳೆಯುವವರೆಗೆ ಹೊರಗೆ ಬರಕೂಡದು. ಮಳೆ ನಿಂತೊಡನೆ ಆಟದ ಬಯಲಿಗೆ ಓಡಿದವರು ಸಿಡಿಲಿಗೆ ಸಿಕ್ಕಿದ್ದುಂಟು.

ಈಗ ನಮಗೆ ಬೇರೆ ಸಹಾಯಗಳೂ ಇವೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ಸಿದ್ಧಪಡಿಸಿರುವ 'ದಾಮಿನಿ' ಎಂಬ ಮೊಬೈಲ್ ಆ್ಯಪ್ ಸುತ್ತಮುತ್ತ ಬೀಳುತ್ತಿರುವ ಸಿಡಿಲುಗಳನ್ನು ತೋರಿಸುತ್ತದೆ. ಹವಾಮಾನ ಇಲಾಖೆಯು ಜಿಲ್ಲೆಗಳಿಗೆ ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಎಚ್ಚರಿಕೆ ಕೊಡುತ್ತದೆ. ಆದರೆ ಎಚ್ಚರಿಕೆ ಹೊರಡುವುದು ಬೇರೆ, ಅದು ಮಲಗಿದ ಮಕ್ಕಳವರೆಗೆ ಮುಟ್ಟುವುದು ಬೇರೆ. 2025ನೆಯ ಜುಲೈ 4ರ ರಾತ್ರಿ ಅಮೆರಿಕದ ಟೆಕ್ಸಾಸಿನಲ್ಲಿ ಗ್ವಾಡಲೂಪೆ ನದಿ ಮುಕ್ಕಾಲು ಗಂಟೆಯಲ್ಲಿ ಸುಮಾರು ಎಂಟು ಮೀಟರ್ ಏರಿತು. ಆ ಪ್ರದೇಶಕ್ಕೆ ಹಠಾತ್ ಪ್ರವಾಹದ ಎಚ್ಚರಿಕೆ ರಾತ್ರಿ 1 ಗಂಟೆ 14 ನಿಮಿಷಕ್ಕೇ ಹೊರಟಿತ್ತು. ಆದರೂ ನದಿಯ ದಡದ ಕ್ಯಾಂಪ್ ಮಿಸ್ಟಿಕ್ ಎಂಬ ಬಾಲಕಿಯರ ಬೇಸಿಗೆ ಶಿಬಿರದಲ್ಲಿ 27 ಮಂದಿ ಬಾಲಕಿಯರೂ ಮೇಲ್ವಿಚಾರಕಿಯರೂ ಜೀವ ಕಳೆದುಕೊಂಡರು. ನಮ್ಮ ಶಿಡ್ಲಘಟ್ಟದ ಸೀಮೆಯಲ್ಲಿ ಅಂತಹ ತುಂಬು ನದಿಯಿಲ್ಲ. ಆದರೆ ಒಣಗಿದ ಹಳ್ಳದ ಮರಳು, ಕೆರೆಯ ಕೋಡಿಯ ಕೆಳಗಿನ ಸಮತಟ್ಟು, ಇವು ಗುಡಾರ ಹೂಡಲು ಎಷ್ಟು ಚೆನ್ನಾಗಿ ಕಾಣುತ್ತವೆಯೋ ಅಷ್ಟೇ ಅಪಾಯದ ಜಾಗಗಳು. ನೀರು ತನ್ನ ದಾರಿಯನ್ನು ಮರೆಯುವುದಿಲ್ಲ.

ಶಿಬಿರದ ಮೊದಲನೆಯ ದಿನ ಮಾಡಬೇಕಾದುದು

ಇಷ್ಟನ್ನು ತಿಳಿದ ಮೇಲೆ ಏರ್ಪಾಡು ಕಷ್ಟವಲ್ಲ. ಶಿಬಿರವು ಹಳ್ಳಿಯ ಶಾಲೆಯಂತಹ ಗಟ್ಟಿ ಕಟ್ಟಡಕ್ಕೆ ಐದು ನಿಮಿಷದ ನಡಿಗೆಯೊಳಗೆ ಇರಬೇಕು. ಆ ಕಟ್ಟಡದ ಬೀಗದ ಕೈ ಶಿಬಿರದಲ್ಲಿಯೇ ಇರಬೇಕು. ಮಧ್ಯಾಹ್ನ ಎರಡರಿಂದ ರಾತ್ರಿಯವರೆಗೆ ಆಕಾಶವನ್ನು ನೋಡುವ ಹೊಣೆ ಒಬ್ಬರಿಗೆ ಸೇರಬೇಕು; ಎಲ್ಲರ ಹೊಣೆ ಎಂದರೆ ಯಾರ ಹೊಣೆಯೂ ಅಲ್ಲ. ರಾತ್ರಿಯೂ ಒಬ್ಬರು ಸರದಿಯಂತೆ ಎಚ್ಚರವಿರಬೇಕು. ಸೀಟಿಯ ಮೂರು ದೀರ್ಘ ಊದಿಗೆ ಎಲ್ಲರೂ ಕೆಲಸ ಬಿಟ್ಟು ಕಟ್ಟಡಕ್ಕೆ ಬರುವುದನ್ನು ಮೊದಲ ದಿನವೇ ಒಮ್ಮೆ ಅಭ್ಯಾಸಮಾಡಬೇಕು. ತಂಡದ ನಾಯಕನು ತನ್ನವರ ಹೆಸರು ಕೂಗಿ ಲೆಕ್ಕ ಒಪ್ಪಿಸಬೇಕು. ಬೆಟ್ಟದ ಚಾರಣಗಳನ್ನು ಬೆಳಗ್ಗೆಯೇ ಮುಗಿಸಿ ನಡುಹಗಲಿಗೆ ಇಳಿದುಬಿಡಬೇಕು. ಲಿಟಲ್ ಸೂ ಹುಡುಗರ ಧೈರ್ಯವನ್ನು ಲೋಕವೆಲ್ಲ ಹೊಗಳಿತು. ಆ ಧೈರ್ಯದ ಹಿಂದೆ ಅಭ್ಯಾಸವೊಂದು ಇದ್ದಿತೆಂಬುದನ್ನು ನಾವು ಮರೆಯಬಾರದು.

ಸಿಡಿಲು ಬಡಿದ ಮೇಲೆ

ಇಷ್ಟಾದರೂ ಅನಾಹುತ ನಡೆದುಹೋದರೆ? ಇಲ್ಲಿ ತಪ್ಪು ನಂಬಿಕೆಗಳು ಜೀವಗಳನ್ನು ತೆಗೆಯುತ್ತವೆ. ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ವಿದ್ಯುತ್ತು ಹರಿಯುತ್ತದೆಂದು ಅನೇಕರು ದೂರ ನಿಲ್ಲುತ್ತಾರೆ. ದೇಶದ ಕೆಲವೆಡೆ ಅವರನ್ನು ಸಗಣಿಯಲ್ಲಿಯೋ ಮಣ್ಣಿನಲ್ಲಿಯೋ ಹೂಳಿ ಕಾಯುವ ಪದ್ಧತಿಯುಂಟು. ಎರಡೂ ಘೋರವಾದ ತಪ್ಪು. ದೇಹ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಪಾತ್ರೆಯಲ್ಲ; ಪ್ರವಾಹ ಸೆಕೆಂಡಿನೊಳಗೆ ನೆಲಕ್ಕಿಳಿದುಹೋಗಿರುತ್ತದೆ. ಆದುದರಿಂದ ಒಡನೆಯೇ ಮುಟ್ಟಬಹುದು, ಮುಟ್ಟಲೇಬೇಕು. ಗುಡುಗು ನಡೆದೇ ಇದ್ದರೆ ಅವರನ್ನು ಮೊದಲು ಹತ್ತಿರದ ಆಶ್ರಯಕ್ಕೆ ಎತ್ತಿಕೊಂಡು ಹೋಗುವುದು ಲೇಸು.

ಮತ್ತೊಂದು ವಿಷಯ ಇನ್ನೂ ಮುಖ್ಯ. ಸಾಮಾನ್ಯ ಅಪಘಾತದಲ್ಲಿ ಹಲವರು ಗಾಯಗೊಂಡಾಗ, ಉಸಿರು ನಿಂತವರನ್ನು ಬಿಟ್ಟು ಉಳಿದವರ ಕಡೆಗೆ ಮೊದಲು ಗಮನ ಕೊಡುವುದುಂಟು. ಸಿಡಿಲಿನಲ್ಲಿ ಈ ನಿಯಮ ತಲೆಕೆಳಗು. ನರಳುತ್ತಿರುವವರೂ ಕೂಗುತ್ತಿರುವವರೂ ಬಹುಮಟ್ಟಿಗೆ ಬದುಕುತ್ತಾರೆ. ಸತ್ತಂತೆ ಬಿದ್ದಿರುವವರಿಗೇ ಮೊದಲ ಚಿಕಿತ್ಸೆ ಬೇಕು. ಸಿಡಿಲು ಹೃದಯವನ್ನೂ ಉಸಿರಾಟವನ್ನೂ ಒಮ್ಮೆಲೇ ನಿಲ್ಲಿಸಬಹುದು. ಹೃದಯಕ್ಕೆ ತನ್ನದೇ ಆದ ತಾಳವಿರುವುದರಿಂದ ಅದು ಹಲವು ವೇಳೆ ತಾನೇ ಮತ್ತೆ ಮಿಡಿಯತೊಡಗುತ್ತದೆ. ಆದರೆ ಉಸಿರನ್ನು ನಡೆಸುವ ಮಿದುಳಿನ ಕೇಂದ್ರ ಇನ್ನೂ ಹೆಚ್ಚು ಹೊತ್ತು ಮಂಕಾಗಿರುತ್ತದೆ. ಆ ಹೊತ್ತಿನಲ್ಲಿ ಆಮ್ಲಜನಕ ದೊರೆಯದಿದ್ದರೆ ಚೇತರಿಸಿಕೊಂಡ ಹೃದಯವೂ ಎರಡನೆಯ ಬಾರಿ ನಿಲ್ಲುತ್ತದೆ. ಆ ಕೆಲವು ನಿಮಿಷ ಅವನಿಗಾಗಿ ಬೇರೊಬ್ಬರು ಉಸಿರಾಡಬೇಕು.

ಕ್ರಮ ಹೀಗೆ: ಒಬ್ಬನು 108 ಅಥವಾ 112ಕ್ಕೆ ಕರೆಮಾಡಲಿ. ಇನ್ನೊಬ್ಬನು ಬಿದ್ದವನನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈಯೂರಿ, ನಿಮಿಷಕ್ಕೆ 100ರಿಂದ 120ರ ಲೆಕ್ಕದಲ್ಲಿ, ದೊಡ್ಡವರಿಗೆ ಐದಾರು ಸೆಂಟಿಮೀಟರ್ ಆಳ ಒತ್ತಲಿ. ಮೂವತ್ತು ಸಲ ಒತ್ತಿದ ಮೇಲೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗನ್ನು ಹಿಡಿದು, ಬಾಯಿಂದ ಎರಡು ಸಲ ಉಸಿರು ಊದಲಿ. ದಣಿದರೆ ಮತ್ತೊಬ್ಬನು ಮುಂದುವರಿಸಲಿ. ಆಂಬುಲೆನ್ಸ್ ಬರುವವರೆಗೆ ಅಥವಾ ಉಸಿರು ಮರಳುವವರೆಗೆ ನಿಲ್ಲಿಸಬಾರದು. ಇದನ್ನು ಓದಿ ಕಲಿಯಲಾಗದು; ತರಬೇತಿ ಪಡೆದವರಿಂದ ಒಮ್ಮೆ ಕೈಯಾರೆ ಕಲಿಯಬೇಕು. ಪ್ರತಿಯೊಂದು ಶಿಬಿರದ ಕಾರ್ಯಕ್ರಮದಲ್ಲಿಯೂ ಇದಕ್ಕೊಂದು ಗಂಟೆ ಮೀಸಲಿರತಕ್ಕದ್ದು.

ಮೋಡವನ್ನು ತಡೆಯುವ ಶಕ್ತಿ ನಮಗಿಲ್ಲ; ತಡೆಯಬೇಕಾಗಿಯೂ ಇಲ್ಲ. ಬಿರಿದ ಕೆರೆಯಂಗಳಕ್ಕೂ ಬಾಡಿದ ಹಿಪ್ಪುನೇರಳೆಗೂ ಆ ಮಳೆ ಬೇಕು. ಅದು ಬರುವ ಮುನ್ನ ತಂಪು ಗಾಳಿಯಿಂದಲೂ ಗುಡುಗಿನಿಂದಲೂ ನಮಗೆ ಸೂಚನೆ ಕೊಡುತ್ತದೆ. ಆ ಸೂಚನೆ ಕಿವಿಗೆ ಬಿದ್ದಾಗ ಏನು ಮಾಡಬೇಕೆಂಬುದನ್ನು ಬಿಸಿಲಿರುವಾಗಲೇ ನಿಶ್ಚಯಿಸಿ, ಕಲಿತು, ಅಭ್ಯಾಸಮಾಡಿಟ್ಟುಕೊಳ್ಳುವುದು ನಮ್ಮ ಕೈಯಲ್ಲಿದೆ.

ಅಭ್ಯಾಸಕ್ಕೆ

1. ಮಿಂಚು ಕಂಡ 12 ಸೆಕೆಂಡುಗಳ ಮೇಲೆ ಗುಡುಗು ಕೇಳಿಸಿತು. ಸಿಡಿಲು ಎಷ್ಟು ದೂರದಲ್ಲಿ ಬಿದ್ದಿತು? ಮೋಡ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ನಿಮ್ಮ ಕಡೆಗೆ ಬರುತ್ತಿದ್ದರೆ ಎಷ್ಟು ನಿಮಿಷಗಳಲ್ಲಿ ತಲುಪುತ್ತದೆ? ಆ ನಿಮಿಷಗಳನ್ನು ನಂಬಿ ಹೊರಗೆ ಇರಬಹುದೇ?

2. ನೆಲದ ವಿಶಿಷ್ಟ ರೋಧ 500 ಓಮ್-ಮೀಟರ್ ಆಗಿದ್ದರೆ, ಮೇಲೆ ಹೇಳಿದ ಹುಡುಗನ ಕಾಲುಗಳ ನಡುವಣ ವೋಲ್ಟತೆ ಎಷ್ಟಾಗುತ್ತದೆ? ಒಣ ಕಲ್ಲುನೆಲ ಹೆಚ್ಚು ಅಪಾಯವೋ, ತೇವದ ನೆಲವೋ?

3. ನಿಮ್ಮ ಶಾಲೆಯ ಆಟದ ಬಯಲಿನ ಮೂಲೆಯಿಂದ ಹತ್ತಿರದ ಗಟ್ಟಿ ಕಟ್ಟಡಕ್ಕೆ ನಡೆದು ನೋಡಿ. ಎಷ್ಟು ನಿಮಿಷ ಹಿಡಿಯಿತು? ಅದರ ಬೀಗದ ಕೈ ಯಾರಲ್ಲಿದೆ?